ಮೂರು ಕ್ರೆಡಿಟ್ ಕಾರ್ಡುಗಳ ಬಾಕಿ ತೀರಿಸಿದ ಬಗೆ: ಬಿಲ್ಲು, ಬಡ್ಡಿ, ಕಾಗದಪತ್ರ

ಮೂರು ಕ್ರೆಡಿಟ್ ಕಾರ್ಡುಗಳಲ್ಲಿ ಒಟ್ಟು ಮೂರೂವರೆ ಲಕ್ಷ ರೂಪಾಯಿ ಬಾಕಿ ಇತ್ತು. ಮನೆಯಲ್ಲಿ ಬಂದ ಆಸ್ಪತ್ರೆ ಖರ್ಚಿನಿಂದ ಶುರುವಾದದ್ದು. ಈಗ ಮೂರೂ ತೀರಿವೆ, ಬಾಕಿ ಏನೂ ಇಲ್ಲ ಎಂದು ಬ್ಯಾಂಕ್ ಕೊಡುವ ಕೊನೆಯ ನೋ ಡ್ಯೂಸ್ ಪತ್ರವೂ ಕೈ ಸೇರಿದೆ. ದುಡ್ಡು ಹೊಂದಿಸುವುದು ಕಷ್ಟವೇ ಆಗಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು, ತಿಂಗಳು ತಿಂಗಳು ಕಟ್ಟಿದರೂ ಅಸಲು ಯಾಕೆ ಇಳಿಯುತ್ತಿಲ್ಲ ಎನ್ನುವುದು. ಅದಕ್ಕೆ ಉತ್ತರ ಬಿಲ್ಲಿನಲ್ಲೇ ಇರುತ್ತದೆ, ಆದರೆ ಎಲ್ಲಿ ನೋಡಬೇಕೆಂದು ಯಾರೂ ಹೇಳುವುದಿಲ್ಲ. ಇದೇ ಸ್ಥಿತಿಯಲ್ಲಿರುವವರಿಗೆ ಉಪಯೋಗಕ್ಕೆ ಬರಲಿ ಎಂದು, ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ, ಪ್ರತಿ ಕಾರ್ಡಿನ ಹಿಂದಿನ ಆರು ತಿಂಗಳ ಸ್ಟೇಟ್‌ಮೆಂಟ್‌ಗಳನ್ನು ಇಳಿಸಿಕೊಂಡದ್ದು. ಆ್ಯಪ್ ತೆರೆದರೆ ಎದುರಿಗೆ ಕಾಣುವ ಬಾಕಿ ಮೊತ್ತ ಒಂದನ್ನೇ ನಂಬಬಾರದು. ಇಎಂಐಗೆ ಹಾಕಿದ ಸಾಮಾನಿನ ಉಳಿದ ಕಂತುಗಳು ಅದರಲ್ಲಿ ಎಷ್ಟೋ ಸಲ ಸೇರಿರುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಕಾರ್ಡಿಗೊಂದು ಪುಟ ಮಾಡಿ, ಬಿಲ್ಲು ತಯಾರಾಗುವ ದಿನ, ಕಟ್ಟಲು ಕಡೇ ದಿನ, ಒಟ್ಟು ಬಾಕಿ, ಮಿನಿಮಮ್ ಡ್ಯೂ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ), ತಿಂಗಳ ಬಡ್ಡಿ ದರ, ಉಳಿದ ಇಎಂಐ ಅಸಲು, ಎಟಿಎಂನಲ್ಲಿ ಕಾರ್ಡ್ ಹಾಕಿ ತೆಗೆದ ನಗದು ಎಷ್ಟು ಎಂದು ಬರೆದುಕೊಳ್ಳಿ. ನಗದನ್ನು ಬೇರೆ ಬರೆಯಬೇಕು, ಯಾಕೆಂದರೆ ಅದಕ್ಕೆ ಬಡ್ಡಿರಹಿತ ಅವಧಿಯೇ ಇಲ್ಲ. ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ, ಜೊತೆಗೆ ತೆಗೆದದ್ದಕ್ಕೊಂದು ಶುಲ್ಕವೂ ಇರುತ್ತದೆ. ಬಡ್ಡಿ ದರ ಮೊದಲ ಪುಟದಲ್ಲಿ ಸಿಗದಿದ್ದರೆ ಕೊನೆಯ ಪುಟಗಳ ಸಣ್ಣ ಅಕ್ಷರದ ನಿಯಮಗಳಲ್ಲಿ ಹುಡುಕಿ. ಕಾರ್ಡಿನಿಂದ ಕಾರ್ಡಿಗೆ ದರ ಬೇರೆ.

ನಮ್ಮ ಪುಟಗಳು ಹೀಗಿದ್ದವು. ಒಂದನೇ ಕಾರ್ಡ್: 1,90,000 ರೂಪಾಯಿ, ತಿಂಗಳಿಗೆ ಶೇ. 3.75. ಎರಡನೆಯದು: 1,20,000, ಅದರಲ್ಲಿ 45,000 ಇಎಂಐ, ಉಳಿದ 75,000ಕ್ಕೆ ತಿಂಗಳಿಗೆ ಶೇ. 3.5. ಮೂರನೆಯದು: 40,000, ಶೇ. 3.6. ಇಎಂಐ ಬಿಟ್ಟು ಉಳಿದದ್ದಕ್ಕೆ ಲೆಕ್ಕ ಹಾಕಿದರೆ ಬಡ್ಡಿಯೇ ತಿಂಗಳಿಗೆ 11,190 ರೂಪಾಯಿ. ಕಾರ್ಡಿನ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಅದು 2,014. ಅಂದರೆ ಏನೂ ಖರೀದಿಸದೆ ಸುಮ್ಮನೆ ಕುಳಿತರೂ ತಿಂಗಳಿಗೆ 13,200 ರೂಪಾಯಿ ಹೋಗುತ್ತಿತ್ತು. ಆ ಸಂಖ್ಯೆ ಬರೆದ ರಾತ್ರಿ ನಿದ್ದೆ ಬರಲಿಲ್ಲ. ಆದರೂ ಅದನ್ನು ಬರೆದಿಡದೆ ಮುಂದಿನ ಯಾವ ತೀರ್ಮಾನವೂ ಸಾಧ್ಯವಿಲ್ಲ.

ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42, 3.75 ಎಂದರೆ ಶೇ. 45. ಇಷ್ಟು ಬಡ್ಡಿ ಕಾನೂನುಬದ್ಧವೇ ಎಂದು ಅನೇಕರು ಕೇಳುತ್ತಾರೆ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದು ಮಾಡಿತು. ಆದ್ದರಿಂದ ಶೇ. 30ರ ಮಿತಿ ಇದೆ ಎಂದು ಯಾರಾದರೂ ಹಳೆಯ ಸುದ್ದಿ ತೋರಿಸಿದರೆ ಅದನ್ನು ನಂಬಿ ವಾದಕ್ಕೆ ಇಳಿಯಬೇಡಿ.

ಬಡ್ಡಿ ಹೇಗೆ ಬೀಳುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲಿ ಹೇಳುತ್ತೇನೆ. ಬಾಕಿ ಏನೂ ಇಲ್ಲದ ಕಾರ್ಡಿನಲ್ಲಿ ಜೂನ್ 5ರಂದು 50,000 ರೂಪಾಯಿ ಖರ್ಚು ಮಾಡಿದಿರಿ ಎಂದುಕೊಳ್ಳಿ. ಜೂನ್ 20ಕ್ಕೆ ಬಿಲ್ಲು, ಜುಲೈ 8 ಕಡೇ ದಿನ. ಪೂರ್ತಿ ಕಟ್ಟಿದರೆ ಬಡ್ಡಿ ಸೊನ್ನೆ. ಕಡೇ ದಿನ ಮಿನಿಮಮ್ ಎಂದು ಶೇ. 5ರಂತೆ 2,500 ಮಾತ್ರ ಕಟ್ಟಿದರೆ ಉಳಿದ 47,500ಕ್ಕೆ ಜುಲೈ 8ರಿಂದ ಬಡ್ಡಿ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಪೂರ್ತಿ 50,000ಕ್ಕೆ ಜೂನ್ 5ರಿಂದ, ಅಂದರೆ ಖರೀದಿಸಿದ ದಿನದಿಂದಲೇ ಬಡ್ಡಿ ಹಿಡಿಯುತ್ತಾರೆ. ಶೇ. 3.5ರ ದರದಲ್ಲಿ 33 ದಿನಕ್ಕೆ ಸುಮಾರು 1,899 ರೂಪಾಯಿ, ಆಮೇಲೆ 47,500ಕ್ಕೆ ಮುಂದಿನ ಬಿಲ್ಲಿನವರೆಗೆ 12 ದಿನಕ್ಕೆ 656, ಎರಡರ ಮೇಲೆ ಜಿಎಸ್‌ಟಿ 460. ಜುಲೈ 20ರ ಬಿಲ್ಲಿನಲ್ಲಿ ಬಾಕಿ 50,514. ಎರಡೂವರೆ ಸಾವಿರ ಕಟ್ಟಿದ ಮೇಲೂ ಸಾಲ ಐನೂರು ರೂಪಾಯಿ ಏರಿದೆ.

ಹಳೆಯ ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಅರ್ಧ ಲೀಟರ್ ಹಾಲನ್ನು ಆ ಕಾರ್ಡಿನಲ್ಲಿ ಕೊಂಡರೂ ಅಂದಿನಿಂದಲೇ ಬಡ್ಡಿ. ಬಾಕಿ ಇಟ್ಟುಕೊಂಡು ಮನೆಖರ್ಚಿಗೂ ಅದೇ ಕಾರ್ಡ್ ಬಳಸುವವರ ಸಾಲ ಇಳಿಯದೆ ಇರುವುದಕ್ಕೆ ಮುಖ್ಯ ಕಾರಣ ಇದೇ.

ರಿಸರ್ವ್ ಬ್ಯಾಂಕಿನ ಕಾರ್ಡ್ ನಿಯಮಗಳಲ್ಲಿ ನಮ್ಮ ಪರವಾಗಿ ಕೆಲವು ಮಾತುಗಳಿವೆ, ಬಿಲ್ಲು ಓದುವಾಗ ಅವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಮಿನಿಮಮ್ ಕಟ್ಟುತ್ತಾ ಹೋದರೂ ಸಾಲ ಬೆಳೆಯುತ್ತಲೇ ಹೋಗುವಂತೆ ಮಿನಿಮಮ್ ಮೊತ್ತ ನಿಗದಿ ಮಾಡುವಂತಿಲ್ಲ. ತಡವಾದ ದಂಡವನ್ನು ಕಡೇ ದಿನದ ನಂತರ ಉಳಿದಿರುವ ಮೊತ್ತದ ಮೇಲೆ ಮಾತ್ರ ಹಾಕಬೇಕು, ಅದೂ ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ. ಕ್ರೆಡಿಟ್ ಬ್ಯೂರೋಗೆ (ನಮ್ಮ ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗೆ) ಬಾಕಿದಾರ ಎಂದು ತಿಳಿಸುವುದಕ್ಕೂ ಇದೇ ಮೂರು ದಿನದ ನಿಯಮ. ಹಾಗೆಂದು ಈ ಮೂರು ದಿನವನ್ನು ರಜೆ ಎಂದು ಎಣಿಸಬೇಡಿ. ಮೂರನೇ ದಿನ ದಾಟಿತೋ, ತಡವಾದ ದಿನಗಳ ಎಣಿಕೆ ಮೂಲ ಕಡೇ ದಿನದಿಂದಲೇ ಶುರು. ಬಡ್ಡಿಗಂತೂ ಯಾವ ವಿನಾಯಿತಿಯೂ ಇಲ್ಲ.

ಬಿಲ್ಲು ಅರ್ಥವಾದ ಮೇಲೆ ಕಾರ್ಡುಗಳ ಬಳಕೆ ನಿಲ್ಲಿಸುವ ಕೆಲಸ. ಕಾರ್ಡನ್ನು ಬೀರುವಿನಲ್ಲಿಟ್ಟರೆ ಸಾಲುವುದಿಲ್ಲ, ತಾನಾಗಿ ಕಡಿತವಾಗುವ ಪಾವತಿಗಳು ನಡೆಯುತ್ತಲೇ ಇರುತ್ತವೆ. ಸಿನಿಮಾ ಆ್ಯಪ್, ಮೊಬೈಲ್ ಬಿಲ್ಲು, ವಿಮೆ ಕಂತು, ಮೊಬೈಲಿನ ಸ್ಟೋರೇಜ್ ಶುಲ್ಕ, ಹೀಗೆ ಆರು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಮತ್ತೆ ಮತ್ತೆ ಬರುವ ಹೆಸರುಗಳನ್ನು ಗುರುತು ಮಾಡಿ, ಒಂದೊಂದನ್ನೂ ಡೆಬಿಟ್ ಕಾರ್ಡಿಗೋ ಯುಪಿಐಗೋ ಬದಲಿಸಬೇಕು. ವಿಮೆಯನ್ನು ಮೊದಲು ಬದಲಿಸಿ, ಆಮೇಲೆ ಕಾರ್ಡ್ ನಿಲ್ಲಿಸಿ. ಕ್ರಮ ತಿರುಗುಮುರುಗಾದರೆ ಪಾಲಿಸಿ ಲ್ಯಾಪ್ಸ್ ಆಗಬಹುದು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಅದನ್ನೂ ಬಿಡಿಸಿ, ಯಾಕೆಂದರೆ ಅಂಗಡಿಯ ಕ್ಯೂಆರ್ ಸ್ಕ್ಯಾನ್ ಮಾಡುವಾಗ ಯಾವ ಖಾತೆ ಆಯ್ಕೆಯಾಗಿದೆ ಎಂದು ಗಮನಕ್ಕೆ ಬರುವುದಿಲ್ಲ. ಕೊನೆಗೆ ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್, ಅಂಗಡಿ, ಟ್ಯಾಪ್, ವಿದೇಶಿ ಬಳಕೆ ಎಲ್ಲ ಸ್ವಿಚ್ಚುಗಳನ್ನೂ ಆರಿಸಬಹುದು. ಈ ಸೌಲಭ್ಯ ಎಲ್ಲ ಕಾರ್ಡಿಗೂ ಇದೆ.

ಇದೇ ಹೊತ್ತಿನಲ್ಲಿ ಬಿಲ್ಲಿಂಗ್ ದಿನಾಂಕ ಬದಲಿಸಲು ಕೇಳಿದೆವು. ಕಾರ್ಡುದಾರರಿಗೆ ಈ ಅವಕಾಶ ಕನಿಷ್ಠ ಒಂದು ಸಲ ಕೊಡಲೇಬೇಕೆಂಬ ನಿಯಮವಿದೆ. ಸಂಬಳ ಒಂದನೇ ತಾರೀಖಿಗೆ ಬರುವವರಿಗೆ ಇಪ್ಪತ್ತೈದನೇ ತಾರೀಖು ಕಡೇ ದಿನ ಎಂದರೆ ಪ್ರತಿ ತಿಂಗಳೂ ಪರದಾಟ. ಮೂರೂ ಕಾರ್ಡಿನ ಕಡೇ ದಿನವನ್ನು ತಿಂಗಳ ಮೊದಲ ವಾರಕ್ಕೆ ತಂದದ್ದರಿಂದ ನಮ್ಮ ಅರ್ಧ ಗಾಬರಿ ಕಡಿಮೆಯಾಯಿತು. ಬದಲಾಗುವ ತಿಂಗಳಲ್ಲಿ ಮಾತ್ರ ಬಿಲ್ಲಿನ ಅವಧಿ ಹೆಚ್ಚುಕಡಿಮೆಯಾಗುತ್ತದೆ, ಆ ಒಂದು ಬಿಲ್ಲನ್ನು ಎರಡು ಸಲ ನೋಡಿ.

ಬಿಲ್ಲಿನ ಹಣ ಖಾತೆಯಿಂದ ತಾನಾಗಿ ಕಡಿತವಾಗುವ ಆಟೋಪೇ ಹಾಕುವಾಗ ಮಿನಿಮಮ್ ಅಥವಾ ಪೂರ್ತಿ ಬಾಕಿ, ಎರಡರಲ್ಲಿ ಒಂದನ್ನು ಆರಿಸಬೇಕು. ಸಾಲ ತೀರಿಸುತ್ತಿರುವಾಗ ಮೂರಕ್ಕೂ ಮಿನಿಮಮ್ ಇಡಿ. ಅದು ದಂಡದಿಂದಲೂ ಬ್ಯೂರೋ ದಾಖಲೆಯಿಂದಲೂ ಕಾಯುವ ಬೇಲಿ ಅಷ್ಟೇ, ನಿಜವಾದ ಪಾವತಿಯನ್ನು ಕೈಯಾರೆ ಬೇರೆ ಮಾಡುತ್ತೀರಿ. ಪೂರ್ತಿ ಬಾಕಿ ಎಂದು ಇಟ್ಟು ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಮ್ಯಾಂಡೇಟ್ (ಕಡಿತಕ್ಕೆ ನೀವು ಕೊಟ್ಟ ಅನುಮತಿ) ಬೌನ್ಸ್ ಆಗುತ್ತದೆ, ಎರಡೂ ಕಡೆ ಶುಲ್ಕ ಬೀಳುತ್ತದೆ. ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ, 2007ರ 25ನೇ ಕಲಂ ಪ್ರಕಾರ ಇಂಥ ಎಲೆಕ್ಟ್ರಾನಿಕ್ ಬೌನ್ಸ್ ಮೇಲೆ ಚೆಕ್ ಬೌನ್ಸ್ ಹಾಗೆಯೇ ಕ್ರಿಮಿನಲ್ ದೂರು ಹೂಡಬಹುದು. ಆದ್ದರಿಂದ ಆ ಖಾತೆಯಲ್ಲಿ ಮೂರೂ ಮಿನಿಮಮ್ ಮೊತ್ತವನ್ನು ಹಿಂದಿನ ದಿನವೇ ಇಡುವುದು ರೂಢಿಯಾಗಲಿ.

ಇನ್ನು ದುಬಾರಿ ಸಾಲವನ್ನು ಅಗ್ಗದ ಸಾಲಕ್ಕೆ ಬದಲಿಸುವ ಮಾತು. ಇಲ್ಲಿ ನಿಧಾನವಾಗಿ ಲೆಕ್ಕ ಹಾಕಬೇಕು, ಏಕೆಂದರೆ ಫೋನಿನಲ್ಲಿ ಹೇಳುವ ದರ ಒಂದು, ಕೊನೆಗೆ ಕೈಯಿಂದ ಹೋಗುವುದು ಇನ್ನೊಂದು.

ನಮ್ಮ ಮಟ್ಟಿಗೆ ಹೆಚ್ಚು ನೆರವಾದದ್ದು ಒಡವೆ. ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು 1,50,000 ರೂಪಾಯಿ ತೆಗೆದೆವು, ವರ್ಷಕ್ಕೆ ಶೇ. 10. ತಿಂಗಳ ಬಡ್ಡಿ 1,250. ಅದೇ ಒಂದೂವರೆ ಲಕ್ಷಕ್ಕೆ ಒಂದನೇ ಕಾರ್ಡು ಜಿಎಸ್‌ಟಿ ಸೇರಿ 6,637 ತಿನ್ನುತ್ತಿತ್ತು. ತಿಂಗಳಿಗೆ ಐದು ಸಾವಿರಕ್ಕೂ ಹೆಚ್ಚು ಉಳಿಯಿತು, ಆ ಐದು ಸಾವಿರವೇ ಮುಂದೆ ಅಸಲಿಗೆ ಹೋಯಿತು. ಒಡವೆ ಇಡಲು ಹೋದ ದಿನ ಮನಸ್ಸಿಗೆ ಬಹಳ ಭಾರವಾಗಿತ್ತು. ಮನೆಯವರೆಲ್ಲ ಕೂತು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಒಪ್ಪಿದ್ದು. ಆಧಾರ್, ಪ್ಯಾನ್, ಫೋಟೊ ಸಾಕು, ಸಂಬಳದ ಚೀಟಿ ಕೇಳಲಿಲ್ಲ. ಅಕ್ಕಸಾಲಿಗರು ಒರೆ ಹಚ್ಚಿ, ಕಲ್ಲು ಮತ್ತು ಅರಗಿನ ತೂಕ ಕಳೆದು ಬೆಲೆ ಕಟ್ಟುತ್ತಾರೆ. ಹಾಗಾಗಿ ಅಂಗಡಿಯ ಬಿಲ್ಲಿನಲ್ಲಿರುವ ತೂಕವನ್ನು ನೆಚ್ಚಿಕೊಂಡು ಹೋಗಬೇಡಿ. ಬ್ಯಾಂಕ್ ಕೊಡುವ ಅಡವಿನ ಚೀಟಿಯಲ್ಲಿ ಪ್ರತಿ ಒಡವೆಯ ಒಟ್ಟು ತೂಕ, ನಿವ್ವಳ ತೂಕ ಎರಡೂ ಬರೆದಿದೆಯೇ ನೋಡಿ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಯೋಜನೆ ಕೊಟ್ಟರೂ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿಬಿಡಿ, ಇಲ್ಲದಿದ್ದರೆ ಅವಧಿ ಮುಗಿದಾಗ ದೊಡ್ಡ ಮೊತ್ತ ಎದುರಾಗಿ ಹರಾಜಿನ ನೋಟಿಸ್‌ವರೆಗೆ ಹೋಗುತ್ತದೆ.

ಎರಡನೇ ಕಾರ್ಡಿನ 75,000ವನ್ನು ಅದೇ ಬ್ಯಾಂಕಿನಲ್ಲಿ ಇಎಂಐಗೆ ಬದಲಿಸಿದೆವು. ಇಲ್ಲಿ ಕೇಳಲೇಬೇಕಾದ ಪ್ರಶ್ನೆ: ದರ ಇಳಿಯುವ ಅಸಲಿನ ಮೇಲೋ, ಫ್ಲಾಟೋ (ಕೊನೆಯವರೆಗೂ ಮೊದಲಿನ ಪೂರ್ತಿ ಅಸಲಿನ ಮೇಲೋ)? ವ್ಯತ್ಯಾಸ ನೋಡಿ. ಒಂದು ಲಕ್ಷಕ್ಕೆ 12 ಕಂತು, ಶೇ. 15, ಇಳಿಯುವ ಅಸಲಿನ ಮೇಲೆ ಎಂದರೆ ಕಂತು 9,026, ಒಟ್ಟು ಬಡ್ಡಿ 8,310. ಅದೇ ಶೇ. 15 ಫ್ಲಾಟ್ ಎಂದರೆ ಬಡ್ಡಿ 15,000, ಕಂತು 9,583. ಇಳಿಯುವ ಅಸಲಿನ ಲೆಕ್ಕಕ್ಕೆ ತಂದರೆ ಅದು ಶೇ. 26 ದಾಟುತ್ತದೆ. ಫೋನಿನಲ್ಲಿ ಮಾತಾಡುವವರು 'ತಿಂಗಳಿಗೆ ಬರೀ 1.25 ಪರ್ಸೆಂಟ್ ಸರ್' ಎಂದಷ್ಟೇ ಹೇಳಿ ಮುಗಿಸುತ್ತಾರೆ. 'ಒಟ್ಟು ಎಷ್ಟು ಕಂತು, ಕಂತು ಎಷ್ಟು, ಪ್ರೊಸೆಸಿಂಗ್ ಫೀ ಎಷ್ಟು, ಮಧ್ಯದಲ್ಲಿ ಮುಗಿಸಿದರೆ ಎಷ್ಟು, ಎಲ್ಲ ಮೇಲ್ ಮಾಡಿ' ಎಂದು ಕೇಳಿ, ಮೇಲ್ ಬಂದ ಮೇಲೆ ಒಪ್ಪಿಗೆ ಕೊಡಿ.

ಹೆಚ್ಚಿನವರು ಗಮನಿಸದ ಇನ್ನೊಂದು ಅಂಶವಿದೆ. ಕಾರ್ಡಿನ ಇಎಂಐ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಇದೆ, ವೈಯಕ್ತಿಕ ಸಾಲದ ಬಡ್ಡಿಯ ಮೇಲೆ ಇಲ್ಲ. ಹಾಗಾಗಿ ಕಾರ್ಡ್ ಇಎಂಐನ ಶೇ. 15 ನಿಜದಲ್ಲಿ ಶೇ. 17.7. ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿ ವೈಯಕ್ತಿಕ ಸಾಲ ಶೇ. 14ಕ್ಕೆ ಸಿಗುವುದಾದರೆ ಅದೇ ಲೇಸು, ಪ್ರೊಸೆಸಿಂಗ್ ಫೀ ಸೇರಿಸಿ ಹೋಲಿಸಿ. ಕಂತು ತಪ್ಪಿದ ದಾಖಲೆ ಬ್ಯೂರೋದಲ್ಲಿ ಬಿದ್ದ ಮೇಲೆ ಈ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಸಾಲ ಬದಲಿಸುವವರು ಮಿನಿಮಮ್ ಇನ್ನೂ ತಪ್ಪದೆ ಕಟ್ಟುತ್ತಿರುವಾಗಲೇ ಅರ್ಜಿ ಹಾಕಬೇಕು. ಒಂದೇ ವಾರದಲ್ಲಿ ಹತ್ತು ಆ್ಯಪ್‌ಗಳಲ್ಲಿ ಅರ್ಜಿ ಹಾಕುವುದೂ ಬೇಡ, ಪ್ರತಿ ಅರ್ಜಿಯ ವಿಚಾರಣೆಯೂ ಬ್ಯೂರೋದ ವರದಿಯಲ್ಲಿ ಕಾಣುತ್ತದೆ.

ಚೀಟಿ ಎತ್ತಿ ಕಾರ್ಡ್ ತೀರಿಸುವವರು ನಮ್ಮ ಕಡೆ ಬಹಳ. ಮೂರನೇ ಕಾರ್ಡಿನ 40,000 ನಾವೂ ಹಾಗೆಯೇ ಮುಗಿಸಿದ್ದು. ಕೂಗಿನಲ್ಲಿ ಎಷ್ಟು ಬಿಟ್ಟುಕೊಡುತ್ತೀರೋ ಅದೇ ನಿಮ್ಮ ಬಡ್ಡಿ ಎಂದು ತಿಳಿದು, ಉಳಿದ ತಿಂಗಳುಗಳಿಗೆ ಹಂಚಿ ನೋಡಿ. ಚೀಟಿ ಶುರುವಾದ ಮೊದಲ ತಿಂಗಳುಗಳಲ್ಲಿ ಪೈಪೋಟಿ ಜೋರಾಗಿ ತುಂಬ ಬಿಡಬೇಕಾಗುತ್ತದೆ. ನೋಂದಣಿ ಇರುವ ಚೀಟಿ ಸಂಸ್ಥೆಯದ್ದಾದರೆ ಮಾತ್ರ ಈ ದಾರಿ ಹಿಡಿಯಿರಿ.

ಬಡ್ಡಿ ಹೆಚ್ಚಿರುವ ಕಾರ್ಡನ್ನು ಮೊದಲು ತೀರಿಸಬೇಕು ಎಂಬುದು ಲೆಕ್ಕದ ಪ್ರಕಾರ ಸರಿ. ನಾವು 40,000ದ ಸಣ್ಣ ಕಾರ್ಡನ್ನು ಮೊದಲು ಮುಗಿಸಲು ಕಾರಣ, ದರಗಳ ನಡುವೆ ಅಂತರ ಅತ್ಯಲ್ಪ, ಮತ್ತು ಪೂರ್ತಿ ತೀರಿದ ಕಾರ್ಡಿಗೆ ಬಡ್ಡಿರಹಿತ ಅವಧಿ ಮರಳಿ ಬರುತ್ತದೆ. ತುರ್ತು ಬಂದರೆ ಬಡ್ಡಿಯಿಲ್ಲದೆ ಬಳಸಲು ಒಂದು ಕಾರ್ಡಾದರೂ ಇದ್ದರೆ ಉಳಿದ ಎರಡನ್ನು ಮುಟ್ಟದೆ ಇರಬಹುದು.

ಕಟ್ಟುವ ದಿನದ ಬಗ್ಗೆ ಹೇಳಲೇಬೇಕು. ಬಾಕಿ ಉಳಿಸಿಕೊಂಡಿರುವ ಕಾರ್ಡಿಗೆ ಬಡ್ಡಿ ದಿನದ ಲೆಕ್ಕ, ಆದ್ದರಿಂದ ಕಡೇ ದಿನದವರೆಗೆ ಕಾಯುವುದರಲ್ಲಿ ಲಾಭವೇ ಇಲ್ಲ. ತಿಂಗಳಿಗೆ ಶೇ. 3.5ರ ಕಾರ್ಡಿಗೆ 40,000ವನ್ನು 18 ದಿನ ಮೊದಲು ಕಟ್ಟಿದರೆ ಜಿಎಸ್‌ಟಿ ಸೇರಿ ಸುಮಾರು 978 ರೂಪಾಯಿ ಉಳಿಯುತ್ತದೆ. ಸಂಬಳ ಬಂದ ದಿನವೇ ಕಟ್ಟಿ. ಆದರೆ ಇಲ್ಲೊಂದು ತೊಡಕಿದೆ. ಬಿಲ್ಲು ತಯಾರಾಗುವ ಮುಂಚೆ ಕಟ್ಟಿದ ಹಣ ಹಿಂದಿನ ಬಿಲ್ಲಿನ ಲೆಕ್ಕಕ್ಕೆ ಹೋಗುತ್ತದೆ. ಹತ್ತೊಂಬತ್ತನೇ ತಾರೀಖು 30,000 ಕಟ್ಟಿ, ಇಪ್ಪತ್ತಕ್ಕೆ ಬಿಲ್ಲು ಬಂದರೆ, ಆ ಹೊಸ ಬಿಲ್ಲಿನ ಮಿನಿಮಮ್ ಅನ್ನು ಬೇರೆಯಾಗಿಯೇ ಕಟ್ಟಬೇಕು. ಮೊನ್ನೆ ತಾನೆ ಕಟ್ಟಿದ್ದೇವಲ್ಲ ಎಂದು ಬಿಟ್ಟರೆ ದಂಡ ಬೀಳುತ್ತದೆ, ಬ್ಯೂರೋದಲ್ಲೂ ಗುರುತು ಉಳಿಯುತ್ತದೆ.

ಯುಪಿಐ ಆ್ಯಪ್, ನೆಫ್ಟ್, ಬಿಲ್ಲು ಪಾವತಿ ತಾಣ, ಯಾವುದರಿಂದ ಕಟ್ಟಿದರೂ ಕಡೇ ದಿನಕ್ಕೆ ಎರಡು-ಮೂರು ದಿನ ಮೊದಲು ಕಟ್ಟಿ. ಹಣ ಖಾತೆಯಿಂದ ಹೋಗಿ ಕಾರ್ಡಿಗೆ ಜಮಾ ಆಗದೆ ಮಧ್ಯೆ ನಿಲ್ಲುವುದುಂಟು. ಆಗ ಬೇಕಾಗುವುದು ವಹಿವಾಟಿನ ಉಲ್ಲೇಖ ಸಂಖ್ಯೆ, ಸ್ಕ್ರೀನ್‌ಶಾಟ್ ಒಂದೇ ಇದ್ದರೆ ಕಸ್ಟಮರ್ ಕೇರ್‌ನವರು ಮುಂದಕ್ಕೆ ಹೋಗುವುದೇ ಇಲ್ಲ.

ಮಿನಿಮಮ್ ಕಟ್ಟಲೂ ಆಗದ ಸ್ಥಿತಿಗೆ ಬಂದವರಿಗೆ ಕೆಲವು ಮಾತು. ಮಿನಿಮಮ್ 90 ದಿನ ದಾಟಿ ಉಳಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಅದಕ್ಕೂ ಎಷ್ಟೋ ಮುಂಚೆ ವಸೂಲಿಯವರ ಕರೆಗಳು ಶುರುವಾಗುತ್ತವೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಹೇಳಿದೆ. ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಮರ್ಯಾದೆ ತೆಗೆಯುವಂತಿಲ್ಲ. ಕಾರ್ಡ್ ಬಾಕಿ ಮೂಲತಃ ಸಿವಿಲ್ ವಿಷಯ. 'ನಾಳೆ ಪೊಲೀಸ್ ಬರ್ತಾರೆ' ಎನ್ನುವವರಿಗೆ ಹೆಸರು, ಏಜೆನ್ಸಿ, ಬ್ಯಾಂಕಿನ ಅಧಿಕಾರ ಪತ್ರ ಕೇಳಿ. ಕರೆ ಬಂದ ದಿನ, ಹೊತ್ತು, ನಂಬರ್ ಬರೆದಿಡಿ. ಫೋನ್ ರಿಂಗಾದರೆ ಎದೆ ಢವಢವ ಎನ್ನುವುದು ಏನೆಂದು ನನಗೂ ಗೊತ್ತು. ಆದರೂ ಫೋನ್ ಎತ್ತದೆ ಇರುವುದಕ್ಕಿಂತ ಒಂದು ಸಲ ಎತ್ತಿ, 'ಇನ್ನು ಮುಂದೆ ಮೇಲ್‌ನಲ್ಲೇ ವ್ಯವಹರಿಸಿ' ಎಂದು ಹೇಳಿ, ಅದನ್ನೇ ಬ್ಯಾಂಕಿಗೆ ಮೇಲ್ ಮಾಡುವುದು ಒಳ್ಳೆಯದು. ಏಜೆಂಟರ ಸ್ವಂತ ಯುಪಿಐಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಹಣ ಹೋಗಬೇಕಾದದ್ದು ಕಾರ್ಡಿನ ಖಾತೆಗೆ ಮಾತ್ರ.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ (ಬ್ಯಾಂಕ್ ದೂರು ವಿಚಾರಿಸುವ ಓಂಬುಡ್ಸ್‌ಮನ್) ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಹಾಯವಾಣಿ 14448. ಬ್ಯಾಂಕಿಗೆ ಮೊದಲು ಕೊಟ್ಟ ದೂರಿನ ಪ್ರತಿ ಇಲ್ಲದಿದ್ದರೆ ಅಲ್ಲಿ ತಿರಸ್ಕಾರವಾಗುತ್ತದೆ.

'ಅರ್ಧ ಕಟ್ಟಿ, ಸೆಟಲ್ ಮಾಡೋಣ' ಎಂಬ ಕರೆ ಬಂದಾಗ ಅದು ವರವೆಂದೇ ತೋರುತ್ತದೆ. ಕಟ್ಟುವ ಶಕ್ತಿ ಇರುವವರು ಅದಕ್ಕೆ ಕೈ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ವರದಿಯಲ್ಲಿ ಆ ಖಾತೆ 'ಕ್ಲೋಸ್ಡ್' ಎಂದಾಗುವುದಿಲ್ಲ, 'ಸೆಟಲ್ಡ್' ಎಂದಾಗುತ್ತದೆ. ಮುಂದೆ ಗೃಹಸಾಲಕ್ಕೆ ಹೋದಾಗ ಆ ಪದವೇ ಅಡ್ಡ ನಿಲ್ಲುತ್ತದೆ. ಕೆಲಸ ಹೋಗಿ, ಬೇರೆ ದಾರಿಯೇ ಇಲ್ಲ ಎನ್ನುವವರು ಸೆಟಲ್ ಮಾಡಿಕೊಳ್ಳುವುದರಲ್ಲಿ ಅವಮಾನವಿಲ್ಲ. ಆದರೆ ಪತ್ರ ಮೊದಲು, ಹಣ ಆಮೇಲೆ. ಬ್ಯಾಂಕಿನ ಅಧಿಕೃತ ಮೇಲ್ ವಿಳಾಸದಿಂದ, ಕಾರ್ಡಿನ ಕೊನೆಯ ನಾಲ್ಕಂಕಿ, ಕಟ್ಟಬೇಕಾದ ಮೊತ್ತ, ಕೊನೆಯ ದಿನ, ಇದು ಪೂರ್ಣ ಮತ್ತು ಅಂತಿಮ ಎಂಬ ಮಾತು ಇವೆಲ್ಲ ಇರುವ ಪತ್ರ ಬರಬೇಕು. ಕಂತಿನಲ್ಲಿ ಸೆಟಲ್ ಮಾಡಿಕೊಂಡರೆ ಒಂದು ಕಂತು ತಪ್ಪಿದರೂ ಒಪ್ಪಂದ ಬಿದ್ದುಹೋಗುವ ಷರತ್ತು ಸಾಮಾನ್ಯವಾಗಿ ಇರುತ್ತದೆ. 'ನೀವು ಕಟ್ಟುವುದನ್ನು ನಿಲ್ಲಿಸಿ, ನಮಗೆ ಫೀ ಕೊಡಿ, ನಾವು ಸೆಟಲ್ ಮಾಡಿಸ್ತೀವಿ' ಎನ್ನುವ ಮಧ್ಯವರ್ತಿಗಳಿಂದ ದೂರವಿರಿ. ಬ್ಯಾಂಕ್ ಅವರಿಗೆ ಕೊಡುವ ಪತ್ರವನ್ನು ನೇರವಾಗಿ ನಿಮಗೇ ಕೊಡುತ್ತದೆ. ಲೋಕ ಅದಾಲತ್ ನೋಟಿಸ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಏನಾದರೂ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ, ನಿಜವಾದ್ದಾದರೆ ತಪ್ಪದೆ ಹೋಗಿ. ಅಲ್ಲಿ ರಾಜಿಯಾದದ್ದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಹಾಗಾಗಿ ಕಟ್ಟಬಲ್ಲ ಮೊತ್ತಕ್ಕೆ ಮಾತ್ರ ಒಪ್ಪಿ.

ಬ್ಯಾಂಕಿನ ಉಳಿತಾಯ ಖಾತೆಯೂ ಕಾರ್ಡೂ ಒಂದೇ ಕಡೆ ಇರುವವರು ಒಪ್ಪಂದವನ್ನೊಮ್ಮೆ ಓದಿ. ಬಾಕಿಯನ್ನು ಆ ಖಾತೆಯಿಂದ ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಇದೆ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಮಕ್ಕಳ ಶಾಲಾ ಫೀಸಿನ ಹಣ ಅಲ್ಲಿಟ್ಟು ಸಿಕ್ಕಿಬೀಳಬಾರದು.

ಕೊನೆಯ ಹಂತದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಬಿಲ್ಲಿನಲ್ಲಿದ್ದ ಪೂರ್ತಿ ಮೊತ್ತ ಕಟ್ಟಿ ಮುಗಿಯಿತೆಂದು ಉಸಿರು ಬಿಡುವ ಹೊತ್ತಿಗೆ ಮುಂದಿನ ತಿಂಗಳು ಮತ್ತೆ ಬಡ್ಡಿ ಬರುತ್ತದೆ. ಬಿಲ್ಲು ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. ಮೋಸವಲ್ಲ, ದಿನದ ಲೆಕ್ಕದ ಉಳಿಕೆ. ಅದನ್ನು ಗಮನಿಸದೆ ಬಿಟ್ಟರೆ ಇನ್ನೂರು-ಮುನ್ನೂರು ರೂಪಾಯಿಗೆ ದಂಡ ಸೇರಿ, ತೀರಿದ ಕಾರ್ಡೇ ಬಾಕಿದಾರ ಎಂಬ ಹೆಸರು ತರುತ್ತದೆ. ಆದ್ದರಿಂದ ಪೂರ್ತಿ ಕಟ್ಟಿದ ಮೇಲೂ ಮುಂದಿನ ಎರಡು ಬಿಲ್ಲುಗಳನ್ನು ತೆರೆದು ನೋಡಿ. ಬಡ್ಡಿಯ ಸಾಲಿನಲ್ಲಿ ಸೊನ್ನೆ ಕಂಡಾಗ ಮಾತ್ರ ಮುಗಿಯಿತು ಎನ್ನಿ. ಆ ಸೊನ್ನೆಯನ್ನು ಮನೆಯವರಿಗೆಲ್ಲ ತೋರಿಸಿದೆವು.

ಕಾರ್ಡನ್ನೇ ಮುಚ್ಚಬೇಕೆಂದರೆ ಅರ್ಜಿಗೆ ಮುಂಚೆ ಮೂರು ಕೆಲಸ ಮುಗಿಸಿಕೊಳ್ಳಿ. ರಿವಾರ್ಡ್ ಪಾಯಿಂಟ್ ಬಳಸಿಬಿಡಿ. ಉಳಿದ ಇಎಂಐ ಇದ್ದರೆ ಅವಧಿಗೆ ಮುನ್ನ ಮುಗಿಸುವ ಶುಲ್ಕ ಎಷ್ಟೆಂದು ಕೇಳಿ ಕಟ್ಟಿ. ಆ ದಿನಕ್ಕೆ ಅನ್ವಯಿಸುವ ಅಂತಿಮ ಬಾಕಿಯನ್ನು ಬರಹದಲ್ಲಿ ಪಡೆಯಿರಿ. ಮುಚ್ಚುವ ಕೋರಿಕೆಯನ್ನು ಸಹಾಯವಾಣಿ, ಮೇಲ್, ಜಾಲತಾಣ, ಆ್ಯಪ್ ಮೂಲಕ ಸ್ವೀಕರಿಸಬೇಕು, ಅಂಚೆಯಲ್ಲೇ ಕಳಿಸಿ ಎಂದು ಹಟ ಹಿಡಿಯುವಂತಿಲ್ಲ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಮಗೆ ಕೊಡಬೇಕು. ನಮ್ಮ ಒಂದು ಕಾರ್ಡಿನಲ್ಲಿ ಕೋರಿಕೆ ಹಾಕಿದಾಗಲೆಲ್ಲ ಕರೆ ಮಾಡಿ, 'ವಾರ್ಷಿಕ ಶುಲ್ಕ ಮನ್ನಾ ಮಾಡ್ತೀವಿ, ಇಟ್ಕೊಳ್ಳಿ' ಎನ್ನುವುದು, ಆಮೇಲೆ ಕೋರಿಕೆಯನ್ನು ತಾವಾಗಿಯೇ ರದ್ದು ಮಾಡುವುದು ನಡೆಯಿತು. ಈ 500 ರೂಪಾಯಿಯ ನಿಯಮ ಉಲ್ಲೇಖಿಸಿ, ಹಿಂದಿನ ಕೋರಿಕೆಗಳ ಸಂಖ್ಯೆ ಹಾಕಿ ಮೇಲ್ ಬರೆದ ಮೇಲೆ ಕೆಲಸ ಬೇಗ ಆಯಿತು. ಹೆಚ್ಚು ಕಟ್ಟಿದ್ದೇನಾದರೂ ಉಳಿದಿದ್ದರೆ ಉಳಿತಾಯ ಖಾತೆಗೆ ವಾಪಸ್ ಕೇಳಿ.

ಕಾರ್ಡ್ ಮುಚ್ಚಿದರೂ ಆಟೋಪೇ ಮ್ಯಾಂಡೇಟ್ ನಿಮ್ಮ ಖಾತೆಯಲ್ಲಿ ಜೀವಂತವಾಗಿರಬಹುದು, ಅದನ್ನು ನೆಟ್‌ಬ್ಯಾಂಕಿಂಗ್‌ನಲ್ಲಿ ಹುಡುಕಿ ರದ್ದು ಮಾಡಿ. ಮೂರನ್ನೂ ಮುಚ್ಚುವ ಅಗತ್ಯವಿಲ್ಲ. ಹಳೆಯ, ವಾರ್ಷಿಕ ಶುಲ್ಕವಿಲ್ಲದ ಒಂದನ್ನು ಉಳಿಸಿಕೊಂಡರೆ ಸಾಲದ ಇತಿಹಾಸ ಉದ್ದವಾಗಿ ಉಳಿಯುತ್ತದೆ. ನಾವು ಉಳಿಸಿಕೊಂಡಿರುವ ಒಂದಕ್ಕೆ ಈಗ ಆಟೋಪೇ ಪೂರ್ತಿ ಬಾಕಿಗೆ, ಮಿತಿಯೂ ನಾವೇ ಕೇಳಿ ಇಳಿಸಿದ್ದು.

ಇನ್ನು ಉಳಿದದ್ದು ಕ್ರೆಡಿಟ್ ವರದಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಆಯಾ ಸಂಸ್ಥೆಯ ಜಾಲತಾಣದಿಂದಲೇ ತೆಗೆದುಕೊಳ್ಳಿ. ನೋ ಡ್ಯೂಸ್ ಬಂದ ಒಂದೆರಡು ತಿಂಗಳ ನಂತರ ತೆಗೆದು, ಮುಚ್ಚಿದ ಕಾರ್ಡಿನ ಎದುರು 'ಕ್ಲೋಸ್ಡ್', ಬಾಕಿ ಸೊನ್ನೆ, ಮುಚ್ಚಿದ ದಿನಾಂಕ ಈ ಮೂರೂ ಇವೆಯೇ ನೋಡಿ. ನಾಲ್ಕರಲ್ಲಿ ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಹಳೆಯದೇ ಉಳಿದಿರಬಹುದು, ನಮ್ಮದೂ ಹಾಗಿತ್ತು. ಆ ಸಂಸ್ಥೆಯ ತಾಣದಲ್ಲೇ ತಕರಾರು ದಾಖಲಿಸಿ, ನೋ ಡ್ಯೂಸ್ ಪತ್ರ ಸೇರಿಸಿ. 30 ದಿನದೊಳಗೆ ಪರಿಹಾರ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪರಿಹಾರದ ಹಣ ಬರಬೇಕಾದ ಬ್ಯಾಂಕ್ ಖಾತೆಯ ವಿವರವನ್ನು ತಕರಾರು ಹಾಕುವಾಗಲೇ ಕೊಟ್ಟಿರಿ.

ನೋ ಡ್ಯೂಸ್ ಪತ್ರ, ಕೊನೆಯ ಎರಡು ಸ್ಟೇಟ್‌ಮೆಂಟ್, ಕೊನೆಯ ಪಾವತಿಯ ಉಲ್ಲೇಖ ಸಂಖ್ಯೆ, ಮುಚ್ಚಿದ ಮೇಲ್, ಕಾರ್ಡಿಗೊಂದು ಫೋಲ್ಡರ್ ಮಾಡಿ ಇವನ್ನು ಒಟ್ಟಿಗೆ ಇಡಿ, ಒಂದೊಂದು ಪ್ರಿಂಟೂ ಇರಲಿ. ಹಳೆಯ ಬಾಕಿಗಳನ್ನು ಬ್ಯಾಂಕುಗಳು ಬೇರೆ ಸಂಸ್ಥೆಗಳಿಗೆ ಮಾರುವುದುಂಟು. ವರ್ಷಗಳ ನಂತರ ಹೆಸರೇ ಕೇಳದ ಕಂಪನಿಯಿಂದ ತೀರಿದ ಸಾಲಕ್ಕೆ ಕರೆ ಬಂದರೆ, ಆ ಫೋಲ್ಡರನ್ನು ಅವರಿಗೆ ಮೇಲ್ ಮಾಡಿ, ಪ್ರತಿಯನ್ನು ಮೂಲ ಬ್ಯಾಂಕಿಗೂ ಕಳಿಸಿ.